ಪಿಕಪ್ ಲಾರಿಗಳ ಪೈಪೋಟಿ

ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರವಾದ ಕಲ್ಲನ್ನು ಎಳೆಸುವ ಪಂದ್ಯ ನಡೆಯುವುದುಂಟು. ಒಂದೊಂದು ಜೋಡಿ ಎತ್ತನ್ನೂ ಸರದಿಯಂತೆ ಅದೇ ಕಲ್ಲಿಗೆ ಹೂಡುತ್ತಾರೆ. ಗೊತ್ತುಮಾಡಿದ ಹೊತ್ತಿನೊಳಗೆ ಯಾವ ಜೋಡಿ ಅದನ್ನು ಹೆಚ್ಚು ದೂರ ಎಳೆಯುವುದೋ ಅದಕ್ಕೆ ಬಹುಮಾನ. ಕಲ್ಲು ಒಂದೇ, ನೆಲ ಒಂದೇ, ಕಾಲವೂ ಒಂದೇ; ಆದುದರಿಂದಲೇ ಸೋತವನೂ ತೀರ್ಪನ್ನು ಒಪ್ಪಿಕೊಂಡು ಮನೆಗೆ ಹೋಗುತ್ತಾನೆ. ಇದಕ್ಕೆ ಬದಲಾಗಿ ಪ್ರತಿಯೊಬ್ಬ ರೈತನೂ ತನ್ನ ಹಿತ್ತಲಿನಲ್ಲಿಯೇ ತನಗೆ ಬೇಕಾದ ಕಲ್ಲನ್ನು ಎಳೆಸಿ, ತನ್ನ ತಕ್ಕಡಿಯಲ್ಲಿಯೇ ಅದನ್ನು ತೂಗಿ, ತನ್ನ ಎತ್ತು ಇಷ್ಟು ಮಣ ಎಳೆಯಿತೆಂದು ಊರಲ್ಲೆಲ್ಲ ಡಂಗುರ ಹೊಡೆಸಿದನೆನ್ನೋಣ. ಆಗ ಎಲ್ಲರೂ ಗೆದ್ದವರೇ! ಎತ್ತನ್ನು ಕೊಳ್ಳಲು ಬಂದವನು ಮಾತ್ರ ಯಾರ ಮಾತನ್ನು ನಂಬಬೇಕೆಂದು ತಿಳಿಯದೆ ನಿಲ್ಲಬೇಕಾದೀತು.

ಓದುಗರಿಗೆ ನಗು ತರಿಸುವ ಇಂಥ ಪಂದ್ಯವೇ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲ ನಡೆಯಿತು. ಅಲ್ಲಿ ಎತ್ತಿನ ಸ್ಥಾನದಲ್ಲಿದ್ದುದು ಪಿಕಪ್ ಲಾರಿ. ರೈತರ ಸ್ಥಾನದಲ್ಲಿದ್ದುದು ಜಗತ್ತಿನ ದೊಡ್ಡ ಮೋಟಾರು ಕಂಪೆನಿಗಳು. ಆ ಪೈಪೋಟಿ ಹೇಗೆ ಬೆಳೆಯಿತು, ಅದರಲ್ಲಿ ವಿಜ್ಞಾನದ ಪಾಲೆಷ್ಟು, ಡಂಗುರದ ಪಾಲೆಷ್ಟು, ಕೊನೆಗೆ ಎಲ್ಲರಿಗೂ ಒಂದೇ ಕಲ್ಲು ಗೊತ್ತಾದದ್ದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪಿಕಪ್ಪಿನ ಹುಟ್ಟು

ಮುಂಭಾಗದಲ್ಲಿ ಚಾಲಕನ ಕೋಣೆ, ಹಿಂಭಾಗದಲ್ಲಿ ಮೇಲೆ ಚಾವಣಿಯಿಲ್ಲದ ತೊಟ್ಟಿ — ಇಷ್ಟೇ ಪಿಕಪ್ ಲಾರಿಯ ಸ್ವರೂಪ. ಕಾರಿಗಿಂತ ಹೆಚ್ಚು ಹೊರೆಯನ್ನು ಹೊರಬಲ್ಲ, ದೊಡ್ಡ ಲಾರಿಗಿಂತ ಸುಲಭವಾಗಿ ನಡೆಸಬಲ್ಲ ವಾಹನವಿದು. ಮೊದಮೊದಲು ಅಮೆರಿಕದ ರೈತರೂ ಬಡಗಿಗಳೂ ತಮ್ಮ ಕಾರುಗಳ ಹಿಂಭಾಗವನ್ನು ಕೊಯ್ದು ಮರದ ಪೆಟ್ಟಿಗೆಯನ್ನು ತಾವೇ ಜೋಡಿಸಿಕೊಳ್ಳುತ್ತಿದ್ದರು. ೧೯೨೫ರಲ್ಲಿ ಫೋರ್ಡ್ ಕಂಪೆನಿಯು ತನ್ನ ಪ್ರಸಿದ್ಧವಾದ 'ಟಿ' ಮಾದರಿಯ ಕಾರಿಗೆ ಕಾರ್ಖಾನೆಯಲ್ಲಿಯೇ ಉಕ್ಕಿನ ತೊಟ್ಟಿಯನ್ನು ಕೂಡಿಸಿ ೨೮೧ ಡಾಲರುಗಳಿಗೆ ಮಾರತೊಡಗಿತು. ಎರಡನೆಯ ಮಹಾಯುದ್ಧ ಮುಗಿದ ತರುವಾಯ, ೧೯೪೮ರಲ್ಲಿ, ಅದೇ ಕಂಪೆನಿಯು ಕಾರಿನ ಅಚ್ಚನ್ನು ಬಿಟ್ಟು ಲಾರಿಯೆಂದೇ ರೂಪಿಸಿದ 'ಎಫ್' ಶ್ರೇಣಿಯನ್ನು ಹೊರತಂದಿತು. ಜನರಲ್ ಮೋಟಾರ್ಸ್ ಕಂಪೆನಿಯ ಷೆವರ್ಲೆ ಲಾರಿಗಳು ಅದಕ್ಕೆ ಮುಖ್ಯ ಪ್ರತಿಸ್ಪರ್ಧಿಗಳು. ಅವುಗಳಲ್ಲಿ ದೊಡ್ಡದಾದ ಪಿಕಪ್ಪಿಗೆ ಈಗಿರುವ ಹೆಸರು ಸಿಲ್ವರಾಡೊ. ಮೂರನೆಯದು ಡಾಡ್ಜ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದು ೨೦೦೯ರಲ್ಲಿ ಬೇರೆ ಗುರುತನ್ನು ಪಡೆದ ರ‍್ಯಾಮ್.

ಈ ಮೂವರ ಕಾಳಗ ಹೊರಗಿನವರ ಕಾಟವಿಲ್ಲದೆ ನಡೆದುದಕ್ಕೆ ಒಂದು ವಿಚಿತ್ರವಾದ ಕಾರಣವುಂಟು. ೧೯೬೨ರಲ್ಲಿ ಯೂರೋಪಿನ ಸಾಮಾನ್ಯ ಮಾರುಕಟ್ಟೆಯ ದೇಶಗಳು ಅಮೆರಿಕದಿಂದ ಬರುತ್ತಿದ್ದ ಕೋಳಿಮಾಂಸದ ಮೇಲೆ ಸುಂಕವನ್ನು ಏರಿಸಿದವು. ಅದಕ್ಕೆ ಪ್ರತಿಯಾಗಿ ೧೯೬೩ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಹೊರಗಿನಿಂದ ಬರುವ ಬ್ರಾಂದಿ, ಆಲೂಗೆಡ್ಡೆಯ ಗಂಜಿಹಿಟ್ಟು ಮೊದಲಾದವುಗಳೊಂದಿಗೆ ಹಗುರವಾದ ಲಾರಿಗಳ ಮೇಲೆಯೂ ಶೇಕಡಾ ೨೫ರಷ್ಟು ಸುಂಕವನ್ನು ಘೋಷಿಸಿದರು. ೧೯೬೪ರಲ್ಲಿ ಅದು ಜಾರಿಗೆ ಬಂದಿತು. ಕೋಳಿಯ ಜಗಳವನ್ನು ಜನರು ಮರೆತರೂ ಲಾರಿಯ ಸುಂಕ ಅರ್ಧ ಶತಮಾನಕ್ಕೂ ಮೀರಿ ಉಳಿಯಿತು. ಅದರಿಂದ ತಪ್ಪಿಸಿಕೊಳ್ಳಲು ಜಪಾನಿನ ಸುಬಾರು ಕಂಪೆನಿಯು ೧೯೭೦ರ ದಶಕದ ಕೊನೆಯಲ್ಲಿ ತನ್ನ ಪುಟ್ಟ ಪಿಕಪ್ಪಿನ ತೊಟ್ಟಿಯೊಳಗೆ ಎರಡು ಪೀಠಗಳನ್ನು ಬೆಸೆದು, ಇದು ಲಾರಿಯಲ್ಲ, ಪ್ರಯಾಣಿಕರ ಕಾರು ಎಂದು ಸಾಧಿಸಿದ ಪ್ರಸಂಗವೂ ಉಂಟು! ಟೊಯೋಟಾ ಕಂಪೆನಿಯು ತನ್ನ ದೊಡ್ಡ ಪಿಕಪ್ಪಾದ ಟಂಡ್ರಾವನ್ನು ಅಮೆರಿಕದ ನೆಲದಲ್ಲಿಯೇ ಕಾರ್ಖಾನೆ ಹೂಡಿ ತಯಾರಿಸಿತು. ಒಟ್ಟಿನಲ್ಲಿ, ಸುಂಕದ ಬೇಲಿಯೊಳಗೆ ಮೂವರು ಜಟ್ಟಿಗಳೇ ಮುಖ್ಯವಾಗಿ ಉಳಿದುಕೊಂಡರು.

ಮೊದಲ ಸ್ಥಾನ ಯಾರದು?

೧೯೭೭ರಿಂದ ಮೊದಲುಗೊಂಡು ೨೦೨೪ರವರೆಗೆ ಪ್ರತಿ ವರ್ಷವೂ ಅಮೆರಿಕದಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾದ ಪಿಕಪ್ ಫೋರ್ಡಿನ ಎಫ್ ಶ್ರೇಣಿಯದೇ. ಈ ಮಾತು ನಿಜ. ಆದರೆ ೨೦೨೦ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಆ ವರ್ಷ ಎಫ್ ಶ್ರೇಣಿಯ ಸುಮಾರು ೭,೮೭,೦೦೦ ಲಾರಿಗಳು ಮಾರಾಟವಾದವು. ಸಿಲ್ವರಾಡೊ ಸುಮಾರು ೫,೯೪,೦೦೦. ರ‍್ಯಾಮ್ ಸುಮಾರು ೫,೬೪,೦೦೦. ಫೋರ್ಡೇ ಮೊದಲು ಎನ್ನುವುದರಲ್ಲಿ ಸಂದೇಹವೇನಿದೆ?

ಆದರೆ ಜನರಲ್ ಮೋಟಾರ್ಸ್ ಕಂಪೆನಿಯು ಅದೇ ಚೌಕಟ್ಟು, ಅದೇ ಬಗೆಯ ಎಂಜಿನುಗಳುಳ್ಳ ಲಾರಿಯನ್ನು ಜಿಎಂಸಿ ಸಿಯೆರಾ ಎಂಬ ಇನ್ನೊಂದು ಹೆಸರಿನಿಂದಲೂ ಮಾರುತ್ತದೆ. ಅವಳಿ ಮಕ್ಕಳಿಗೆ ಬೇರೆಬೇರೆ ಅಂಗಿ ತೊಡಿಸಿದಂತೆ. ೨೦೨೦ರಲ್ಲಿ ಸಿಯೆರಾ ಲಾರಿಗಳು ಸುಮಾರು ೨,೫೩,೦೦೦ ಮಾರಾಟವಾದವು. ಅವಳಿಗಳನ್ನು ಕೂಡಿಸಿದರೆ ೮,೪೭,೦೦೦ ಆಗುತ್ತದೆ. ಫೋರ್ಡಿಗಿಂತ ಅರವತ್ತು ಸಾವಿರ ಹೆಚ್ಚು! ಹಾಗಾದರೆ ಗೆದ್ದವರು ಯಾರು? 'ಒಂದು ಹೆಸರಿನ ಲಾರಿ' ಎಂದು ಎಣಿಸಿದರೆ ಫೋರ್ಡ್. 'ಒಂದು ಕಂಪೆನಿಯ ದೊಡ್ಡ ಪಿಕಪ್ಪುಗಳು' ಎಂದು ಎಣಿಸಿದರೆ ಜನರಲ್ ಮೋಟಾರ್ಸ್. ಇಬ್ಬರೂ ಸುಳ್ಳು ಹೇಳಿದಂತಾಗಲಿಲ್ಲ. ಎಫ್ ಶ್ರೇಣಿಯೆಂಬುದೂ ಒಂದೇ ಲಾರಿಯಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮನೆಬಳಕೆಯ ಎಫ್-೧೫೦ ಮೊದಲುಗೊಂಡು ಭಾರಿ ಹೊರೆಯ ಲಾರಿಗಳವರೆಗೆ ಹಲವು ಗಾತ್ರದವು ಆ ಒಂದೇ ಹೆಸರಿನ ನೆರಳಿನಲ್ಲಿವೆ.

ಎರಡನೆಯ ಸ್ಥಾನಕ್ಕಾಗಿ ನಡೆದ ಹೋರಾಟವೂ ಸ್ವಾರಸ್ಯವಾದುದು. ೨೦೧೯ರಲ್ಲಿ ರ‍್ಯಾಮ್ ಸುಮಾರು ೬,೩೪,೦೦೦ ಲಾರಿಗಳನ್ನು ಮಾರಿ, ಸುಮಾರು ೫,೭೬,೦೦೦ ಮಾರಿದ ಸಿಲ್ವರಾಡೊವನ್ನು ಹಿಂದೆ ಹಾಕಿತು. ಮರುವರ್ಷವೇ ಸಿಲ್ವರಾಡೊ ಮತ್ತೆ ಮುಂದಾಯಿತು. ಇಂಥ ಏರಿಳಿತಗಳಲ್ಲಿ ಲಾರಿಯ ಗುಣ ಒಂದು ಕಾರಣವಾದರೆ, ಬೆಲೆಯ ರಿಯಾಯಿತಿ, ಹೊಸ ಮಾದರಿ ಬಂದ ಸಮಯ, ಕಾರ್ಖಾನೆಗಳ ಮುಷ್ಕರ, ಸರಕಾರಿ ಇಲಾಖೆಗಳೂ ಬಾಡಿಗೆಯ ಸಂಸ್ಥೆಗಳೂ ಒಟ್ಟಾಗಿ ಮಾಡಿದ ಖರೀದಿ — ಇವೆಲ್ಲವೂ ಬೇರೆ ಕಾರಣಗಳು. ಆದುದರಿಂದ, ಹೆಚ್ಚು ಮಾರಾಟವಾದುದೇ ಹೆಚ್ಚು ಉತ್ತಮ ಎಂಬ ನಿರ್ಣಯಕ್ಕೆ ಮಾರಾಟದ ಅಂಕಿಯಿಂದ ನೇರವಾಗಿ ಹಾರುವಂತಿಲ್ಲ. ಅಂಕಿಯನ್ನು ಕಂಡೊಡನೆ, ಏನನ್ನು ಏನೆಂದು ಎಣಿಸಿದ್ದಾರೆ ಎಂದು ಕೇಳುವುದೇ ನಾವು ಮಾಡಬೇಕಾದ ಮೊದಲ ಕೆಲಸ.

ಐದೈದು ಅಂಕಗಳ ಜಗಳ

ಮಾರಾಟ ಹೆಚ್ಚಬೇಕಾದರೆ ತನ್ನ ಲಾರಿ ಬಲಶಾಲಿಯೆಂದು ಕಂಪೆನಿಯು ತೋರಿಸಬೇಕಷ್ಟೆ. ಈ ಬಲವನ್ನು ಹೇಳುವ ಅಳತೆಗಳಲ್ಲಿ ಒಂದು ಟಾರ್ಕ್, ಎಂದರೆ ತಿರುಗಿಸುವ ಬಲ. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಗೂಟವು ನಡುವಿನಿಂದ ದೂರವಿದ್ದಷ್ಟೂ ಕಲ್ಲನ್ನು ತಿರುಗಿಸುವುದು ಸುಲಭ. ಕೈಯ ಬಲವನ್ನು ಆ ದೂರದಿಂದ ಗುಣಿಸಿದರೆ ಬರುವುದೇ ಟಾರ್ಕ್. ಅಮೆರಿಕದಲ್ಲಿ ಇದನ್ನು ಪೌಂಡ್-ಅಡಿಗಳಲ್ಲಿ ಹೇಳುವುದು ವಾಡಿಕೆ: ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಒಂದು ಪೌಂಡ್ ಬಲವನ್ನು ಹಾಕಿದರೆ ಒಂದು ಪೌಂಡ್-ಅಡಿ.

ಫೋರ್ಡ್ ಮತ್ತು ರ‍್ಯಾಮ್‌ಗಳ ಭಾರಿ ಪಿಕಪ್ಪುಗಳ ಡೀಸೆಲ್ ಎಂಜಿನುಗಳಲ್ಲಿ ಈ ಅಂಕಿ ಹೇಗೆ ಏರಿತೆಂಬುದನ್ನು ನೋಡೋಣ. ೨೦೧೫ರ ಮಾದರಿಯಲ್ಲಿ ಫೋರ್ಡ್ ೮೬೦ ಎಂದಿತು. ರ‍್ಯಾಮ್ ೮೬೫ ಎಂದಿತು. ೨೦೧೬ರಲ್ಲಿ ರ‍್ಯಾಮ್ ೯೦೦ಕ್ಕೆ ಏರಿತು. ೨೦೧೭ರಲ್ಲಿ ಫೋರ್ಡ್ ೯೨೫. ೨೦೧೮ರಲ್ಲಿ ರ‍್ಯಾಮ್ ೯೩೦. ಅದೇ ವರ್ಷದ ಮಾದರಿಗೆ ಫೋರ್ಡ್ ೯೩೫. ೨೦೧೯ರಲ್ಲಿ ರ‍್ಯಾಮ್ ೧,೦೦೦. ೨೦೨೦ರಲ್ಲಿ ಫೋರ್ಡ್ ೧,೦೫೦. ಹರಾಜಿನಲ್ಲಿ ಒಬ್ಬನ ಕೂಗಿನ ಮೇಲೆ ಇನ್ನೊಬ್ಬನು ಐದೈದು ರೂಪಾಯಿ ಏರಿಸಿದಂತಿದೆ, ಅಲ್ಲವೆ?

೯೩೦ಕ್ಕೂ ೯೩೫ಕ್ಕೂ ಇರುವ ಅಂತರ ಸುಮಾರು ಇನ್ನೂರರಲ್ಲಿ ಒಂದು ಪಾಲು. ಲಾರಿಯನ್ನು ನಡೆಸುವವನಿಗೆ ಇದು ಗೊತ್ತಾಗುವಂಥದಲ್ಲ. ತೊಟ್ಟಿಯಲ್ಲಿ ಒಬ್ಬ ಮನುಷ್ಯ ಹೆಚ್ಚಾಗಿ ಕುಳಿತರೆ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮೇಲಾಗಿ, ಚಕ್ರವನ್ನು ತಲುಪುವ ಬಲ ಎಂಜಿನಿನ ಟಾರ್ಕೊಂದರಿಂದಲೇ ನಿರ್ಧಾರವಾಗುವುದಿಲ್ಲ. ನಡುವೆ ಇರುವ ಹಲ್ಲುಗಾಲಿಗಳು, ಎಂದರೆ ಗೇರುಗಳು, ಅದನ್ನು ಹಲವು ಮಡಿ ಹೆಚ್ಚಿಸುತ್ತವೆ. ಇಷ್ಟಾದರೂ ಐದು ಅಂಕಗಳಿಗಾಗಿ ಎರಡು ಮಹಾ ಕಂಪೆನಿಗಳು ಶ್ರಮಿಸಿದುವೇಕೆ? ಆ ಐದು ಅಂಕಗಳು ರಸ್ತೆಯಲ್ಲಿ ಕಾಣದಿದ್ದರೂ ಜಾಹೀರಾತಿನಲ್ಲಿ ಎದ್ದು ಕಾಣುತ್ತವೆ. 'ಎಲ್ಲರಿಗಿಂತ ಹೆಚ್ಚು' ಎಂದು ಬರೆದುಕೊಳ್ಳಲು ಒಂದೇ ಒಂದು ಅಂಕ ಹೆಚ್ಚಿದ್ದರೂ ಸಾಕಲ್ಲವೆ?

ಎಲ್ಲರಿಗೂ ಒಂದೇ ಕಲ್ಲು

ಟಾರ್ಕಿಗಿಂತಲೂ ಹೆಚ್ಚಾಗಿ ಗಿರಾಕಿಯು ಕೇಳುತ್ತಿದ್ದುದು ಎಳೆತದ ಸಾಮರ್ಥ್ಯವನ್ನು: ಲಾರಿಯ ಹಿಂದೆ ಕಟ್ಟಿದ ಬಂಡಿಯ ತೂಕ ಎಷ್ಟಿರಬಹುದು? ದೋಣಿ, ಕುದುರೆ, ಕಟ್ಟಡದ ಸಾಮಗ್ರಿ, ಚಕ್ರದ ಮೇಲಿನ ಮನೆ — ಎಲ್ಲವನ್ನೂ ಅಮೆರಿಕದವರು ಪಿಕಪ್ಪಿಗೆ ಕಟ್ಟಿ ಎಳೆಯುತ್ತಾರೆ. ಆದರೆ ಈ ಮಿತಿಯನ್ನು ಗೊತ್ತುಮಾಡುತ್ತಿದ್ದವರು ಆಯಾ ಕಂಪೆನಿಯವರೇ, ತಮ್ಮತಮ್ಮ ರೀತಿಯಲ್ಲಿ. ಒಬ್ಬರು ಏರಿದ ದಿಣ್ಣೆ ಬೇರೆ, ಇನ್ನೊಬ್ಬರು ಏರಿದ ದಿಣ್ಣೆ ಬೇರೆ. ಒಬ್ಬರ ಬಿಸಿಲು ಬೇರೆ, ಇನ್ನೊಬ್ಬರ ಬಿಸಿಲು ಬೇರೆ. ಲಾರಿಯನ್ನು ತೂಗುವುದರಲ್ಲಿಯೂ ಚಮತ್ಕಾರವಿತ್ತು. ಲಾರಿಯ ಸ್ವಂತ ತೂಕ ಕಡಿಮೆಯಾದಷ್ಟೂ ಹೊರೆಗೆ ಉಳಿಯುವ ಪಾಲು ಹೆಚ್ಚಾಗುವುದಷ್ಟೆ. ಒಂದು ಕಂಪೆನಿಯು ಬಿಡಿಚಕ್ರ, ಜಾಕಿ, ರೇಡಿಯೋ ಮುಂತಾದವುಗಳನ್ನು ಲೆಕ್ಕದಿಂದ ತೆಗೆದು ತನ್ನ ಲಾರಿಯನ್ನು ಹಗುರ ಮಾಡಿಕೊಳ್ಳುತ್ತಿದ್ದ ಸಂಗತಿ ೨೦೧೪ರಲ್ಲಿ ಬಯಲಿಗೆ ಬಂದಿತು!

ಇದು ನಕ್ಕು ಬಿಡತಕ್ಕ ವಿಷಯವಲ್ಲ. ಮಿತಿಮೀರಿದ ಬಂಡಿಯನ್ನು ಕಟ್ಟಿದರೆ ಏರಿನಲ್ಲಿ ಎಂಜಿನು ಕುದಿಯುತ್ತದೆ. ಇಳಿತದಲ್ಲಿ ಬ್ರೇಕುಗಳು ಕಾದು ಹಿಡಿತವನ್ನು ಕಳೆದುಕೊಳ್ಳುತ್ತವೆ. ಹಿಂದಿನ ಬಂಡಿಯು ಒಮ್ಮೆ ಅತ್ತಿತ್ತ ಓಲಾಡತೊಡಗಿತೆಂದರೆ, ಎಳೆಯುವ ಲಾರಿಯನ್ನೇ ರಸ್ತೆಯಿಂದ ಆಚೆಗೆ ಒಯ್ಯಬಲ್ಲುದು. ಜಾಹೀರಾತಿನ ಅಂಕಿಯನ್ನು ನಂಬಿ ಹೆಂಡತಿ ಮಕ್ಕಳೊಡನೆ ಘಟ್ಟವನ್ನು ಇಳಿಯುವವನ ಪ್ರಾಣ ಆ ಅಂಕಿಯ ಮೇಲೆ ನಿಂತಿರುತ್ತದೆ.

ಕೊನೆಗೆ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇ ಈ ಕೆಲಸಕ್ಕೆ ಕೈಹಾಕಿತು. ಕಂಪೆನಿಗಳ ಎಂಜಿನಿಯರುಗಳೂ ಕೂಡಿಯೇ ರೂಪಿಸಿದ, 'ಜೆ-೨೮೦೭' ಎಂಬ ಗುರುತಿನ ಪ್ರಮಾಣ ೨೦೦೮ರಲ್ಲಿ ಪ್ರಕಟವಾಯಿತು. ಅದರ ಪ್ರಧಾನ ಪರೀಕ್ಷೆಗೆ ಆಧಾರವಾದುದು ಅರಿಜೋನಾ ಸಂಸ್ಥಾನದ ಮರುಭೂಮಿಯಲ್ಲಿ, ಡೇವಿಸ್ ಅಣೆಕಟ್ಟಿನ ಹತ್ತಿರದ ಏರುದಾರಿ. ಉದ್ದ ೧೧.೪ ಮೈಲಿ, ಎಂದರೆ ಸುಮಾರು ೧೮ ಕಿಲೋಮೀಟರು. ಅಷ್ಟರೊಳಗೆ ದಾರಿಯು ಸುಮಾರು ೯೦೦ ಮೀಟರು ಮೇಲೇರುತ್ತದೆ. ಹೊರಗಿನ ಉಷ್ಣತೆ ೧೦೦ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ೩೮ ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿರಕೂಡದು. ಒಳಗಿನ ತಂಪುಯಂತ್ರವು ಪೂರ್ಣವಾಗಿ ನಡೆಯುತ್ತಿರಬೇಕು. ಬಂಡಿಯನ್ನು ಕಟ್ಟಿಕೊಂಡು ಸಾಮಾನ್ಯ ಪಿಕಪ್ಪು ಗಂಟೆಗೆ ೪೦ ಮೈಲಿಗೆ, ಎಂದರೆ ೬೪ ಕಿಲೋಮೀಟರಿಗೆ, ಕಡಿಮೆಯಾಗದಂತೆ ಆ ಏರನ್ನು ಹತ್ತಬೇಕು. ಇದಲ್ಲದೆ, ನೂರಕ್ಕೆ ಹನ್ನೆರಡರಷ್ಟು ಕಡಿದಾದ ಇಳಿಜಾರಿನಲ್ಲಿ ನಿಂತ ಲಾರಿಯು ಐದು ನಿಮಿಷಗಳಲ್ಲಿ ಐದು ಬಾರಿ ಮುಂದಕ್ಕೂ, ಅಂತೆಯೇ ಐದು ಬಾರಿ ಹಿಂದಕ್ಕೂ ಹೊರಡಬೇಕು. ಸಮತಲದ ಮೇಲೆ ಬಂಡಿಯೊಡನೆ ಮೂವತ್ತು ಸೆಕೆಂಡುಗಳಲ್ಲಿ ಗಂಟೆಗೆ ೬೦ ಮೈಲಿಯ ವೇಗವನ್ನು ಪಡೆಯಬೇಕು. ಓಲಾಟ ತಾನಾಗಿ ಅಡಗಬೇಕು. ಲಾರಿಯಲ್ಲಿ ಚಾಲಕನಲ್ಲದೆ ಇನ್ನೊಬ್ಬ ಪ್ರಯಾಣಿಕನ ತೂಕವನ್ನೂ ಸೇರಿಸಬೇಕು.

ಬಿಸಿಲಿನ ದಿನವನ್ನೇ ಏಕೆ ಆರಿಸಿದರು? ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಲಾರಿ ಬಂಡಿಗಳೆರಡೂ ಕೂಡಿ ೭,೫೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇಷ್ಟು ಭಾರವನ್ನು ೯೦೦ ಮೀಟರು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಸುಮಾರು ೬ ಕೋಟಿ ೬೦ ಲಕ್ಷ ಜೂಲುಗಳು. ಗಂಟೆಗೆ ೬೪ ಕಿಲೋಮೀಟರಿನ ವೇಗದಲ್ಲಿ ಈ ಏರು ಮುಗಿಯಲು ಹಿಡಿಯುವ ಕಾಲ ಸುಮಾರು ಹದಿನೇಳು ನಿಮಿಷ. ಎಂದರೆ ಗುರುತ್ವಾಕರ್ಷಣೆಯನ್ನು ಎದುರಿಸುವುದಕ್ಕಾಗಿಯೇ ೬೪ ಕಿಲೋವಾಟ್, ಅಥವಾ ಸುಮಾರು ೮೬ ಅಶ್ವಶಕ್ತಿ, ಬಿಡುವಿಲ್ಲದೆ ಬೇಕು. ಗಾಳಿಯ ತಡೆ, ಚಕ್ರಗಳ ಘರ್ಷಣೆ ಇವುಗಳ ಪಾಲು ಬೇರೆ. ಮುನ್ನೂರು ಅಶ್ವಶಕ್ತಿಯ ಎಂಜಿನಿಗೆ ಇದೇನು ಮಹಾ ಎನ್ನಬಹುದು. ತೊಡಕಿರುವುದು ಬಲದಲ್ಲಲ್ಲ, ಶಾಖದಲ್ಲಿ. ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದುದು ಹೊಗೆಯೊಡನೆ ಹೊರಗೆ ಹೋಗಬೇಕು, ಇಲ್ಲವೆ ತಣಿಸುವ ನೀರಿನ ಮೂಲಕ ರೇಡಿಯೇಟರಿನಿಂದ ಗಾಳಿಗೆ ಸೇರಬೇಕು.

ರೇಡಿಯೇಟರು ಗಾಳಿಗೆ ಕೊಡುವ ಶಾಖವು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು ೧೦೦ ಡಿಗ್ರಿ, ಗಾಳಿ ೨೦ ಡಿಗ್ರಿ ಇದ್ದರೆ ಅಂತರ ೮೦. ಗಾಳಿ ೩೮ ಡಿಗ್ರಿಯಾದರೆ ಅಂತರ ೬೨ಕ್ಕೆ ಇಳಿಯಿತು. ತಂಪಿನ ದಿನ ಹೊರಹೋಗುತ್ತಿದ್ದ ಶಾಖದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಈಗ ಹೊರಹೋಗಲಾರದು. ತಂಪಾದ ಮುಂಜಾನೆ ಗೆದ್ದ ಲಾರಿ ಮಟಮಟ ಮಧ್ಯಾಹ್ನ ಕುದಿದು ನಿಲ್ಲುವುದು ಹೀಗೆ. ಬಿಸಿಲನ್ನು ಗೊತ್ತುಪಡಿಸದೆ ಎಳೆತವನ್ನು ಹೇಳುವುದು, ಕಲ್ಲನ್ನು ತೂಗದೆ ಎತ್ತನ್ನು ಹೊಗಳಿದಂತೆ.

ಅಳತೆಗೋಲು ಸಿದ್ಧವಾಯಿತು. ಆದರೆ ಅದನ್ನು ಹಿಡಿಯಲು ಯಾರೂ ಮುಂದಾಗಲಿಲ್ಲ! ಕಾರಣ ಸರಳವಾದುದು. ಹೊಸ ಪರೀಕ್ಷೆಯಲ್ಲಿ ಅಂಕಿ ಕೆಳಗಿಳಿಯುವ ಸಂಭವವೇ ಹೆಚ್ಚು. ತಾನೊಬ್ಬನೇ ಸತ್ಯವನ್ನು ಹೇಳಿ, ಪಕ್ಕದವನು ಹಳೆಯ ಡಂಗುರವನ್ನೇ ಹೊಡೆಯುತ್ತಿದ್ದರೆ, ಗಿರಾಕಿಯ ಕಣ್ಣಿಗೆ ಸತ್ಯವಂತನೇ ಬಡವನಾಗಿ ಕಾಣುತ್ತಾನೆ. ಎಲ್ಲರೂ ಒಟ್ಟಿಗೆ ಒಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಮೊದಲು ಒಪ್ಪುವವನಿಗೆ ನಷ್ಟ ಖಂಡಿತ. ಈ ಇಕ್ಕಟ್ಟಿನಲ್ಲಿ ಮೊದಲ ಹೆಜ್ಜೆಯಿಟ್ಟದ್ದು ಟೊಯೋಟಾ. ೨೦೧೧ರ ಟಂಡ್ರಾ ಮಾದರಿಗೆ ಅದು ಹೊಸ ಪ್ರಮಾಣವನ್ನು ಅನ್ವಯಿಸಿ, ತನ್ನ ಎಳೆತದ ಅಂಕಿಯನ್ನು ನೂರಾರು ಪೌಂಡುಗಳಷ್ಟು ತಾನೇ ಇಳಿಸಿಕೊಂಡಿತು. ಉಳಿದ ಮೂವರು ಒಬ್ಬರ ಮುಖವನ್ನು ಒಬ್ಬರು ನೋಡುತ್ತ ಕೆಲವು ವರ್ಷಗಳನ್ನು ಕಳೆದು, ೨೦೧೫ರ ಮಾದರಿಗಳ ಹೊತ್ತಿಗೆ ತಮ್ಮ ಸಾಮಾನ್ಯ ಪಿಕಪ್ಪುಗಳಿಗೆ ಅದನ್ನು ಒಪ್ಪಿಕೊಂಡರು. ಅಳತೆಗೋಲು ಹುಟ್ಟಿ ಅದಾಗಲೇ ಆರೇಳು ವರ್ಷಗಳಾಗಿದ್ದುವು.

ಉಕ್ಕೋ, ಅಲ್ಯುಮಿನಿಯಮೋ?

ಪೈಪೋಟಿಯಿಂದ ಒಳಿತೇನೂ ಆಗಲಿಲ್ಲವೆಂದು ಭಾವಿಸಬಾರದು. ೨೦೧೫ರ ಎಫ್-೧೫೦ ಲಾರಿಯಲ್ಲಿ ಫೋರ್ಡ್ ಒಂದು ಸಾಹಸವನ್ನು ಮಾಡಿತು. ಚೌಕಟ್ಟನ್ನು ಉಕ್ಕಿನಲ್ಲಿಯೇ ಉಳಿಸಿ, ಮೈಯನ್ನೂ ತೊಟ್ಟಿಯನ್ನೂ ಅಲ್ಯುಮಿನಿಯಂ ಮಿಶ್ರಲೋಹದಿಂದ ರಚಿಸಿತು. ತೂಕವು ೭೦೦ ಪೌಂಡುಗಳವರೆಗೆ, ಎಂದರೆ ೩೦೦ ಕಿಲೋಗ್ರಾಮಿಗೂ ಮೀರಿ, ಇಳಿಯಿತು.

ಇದರ ಹಿಂದಿನ ತತ್ತ್ವವನ್ನು ಗಮನಿಸಿ. ಒಂದೇ ಗಾತ್ರದ ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ತೂಗುತ್ತದೆ. ಆದರೆ ಬಾಗದೆ ನಿಲ್ಲುವ ಗುಣದಲ್ಲಿಯೂ ಅದು ಉಕ್ಕಿನ ಮೂರನೆಯ ಒಂದು ಪಾಲಷ್ಟೇ. ಹಾಗಾದರೆ ಲಾಭವೆಲ್ಲಿ ಬಂತು? ತಗಡೊಂದು ಬಾಗುವುದನ್ನು ತಡೆಯುವ ಬಿಗುಪು ಅದರ ದಪ್ಪದ ಘನಕ್ಕೆ ಅನುಗುಣವಾಗಿದೆ: ದಪ್ಪ ಎರಡರಷ್ಟಾದರೆ ಬಿಗುಪು ಎಂಟರಷ್ಟಾಗುತ್ತದೆ. ಆದುದರಿಂದ ಅಲ್ಯುಮಿನಿಯಂ ತಗಡನ್ನು ಮೂರರಷ್ಟು ದಪ್ಪ ಮಾಡಬೇಕಾಗಿಲ್ಲ; ಮೂರರ ಘನಮೂಲದಷ್ಟು, ಎಂದರೆ ಸುಮಾರು ೧.೪೪ರಷ್ಟು ದಪ್ಪ ಮಾಡಿದರೆ ಸಾಕು. ಹೀಗೆ ದಪ್ಪ ಮಾಡಿದ ಮೇಲೂ ಅದರ ತೂಕ ಉಕ್ಕಿನ ತಗಡಿನ ಅರ್ಧದಷ್ಟೇ ಇರುತ್ತದೆ. ಗಣಿತದ ತರಗತಿಯಲ್ಲಿ ಕಲಿಯುವ ಘನಮೂಲಕ್ಕೆ ಲೋಕದಲ್ಲಿ ಏನು ಬೆಲೆಯೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು.

ಪ್ರತಿಸ್ಪರ್ಧಿಯು ಸುಮ್ಮನಿರಲಿಲ್ಲ. ೨೦೧೬ರಲ್ಲಿ ಷೆವರ್ಲೆಯ ಜಾಹೀರಾತೊಂದರಲ್ಲಿ ಸುಮಾರು ೩೭೫ ಕಿಲೋಗ್ರಾಂ ತೂಕದ ಕಾಂಕ್ರೀಟು ಇಟ್ಟಿಗೆಗಳನ್ನು ಯಂತ್ರದಿಂದ ಎರಡು ಲಾರಿಗಳ ತೊಟ್ಟಿಗೂ ಸುರಿದು ತೋರಿಸಿದರು. ಫೋರ್ಡಿನ ಅಲ್ಯುಮಿನಿಯಂ ತೊಟ್ಟಿ ತೂತುಬಿದ್ದಿತು. ಸಿಲ್ವರಾಡೊದ ಉಕ್ಕಿನ ತೊಟ್ಟಿ ತಗ್ಗುಬಿದ್ದಿತಷ್ಟೆ. ನೋಡಿದವರಿಗೆ ವಾದ ಮುಗಿದಂತೆಯೇ ತೋರಿತು. ಆದರೆ ಆ ಪ್ರಯೋಗ ಅಳೆದದ್ದು ಒಂದೇ ಗುಣವನ್ನು: ಮೊನಚಾದ ಭಾರ ಮೇಲಿನಿಂದ ಬಿದ್ದಾಗ ತಗಡು ಹರಿಯುವುದೋ ಇಲ್ಲವೋ ಎಂಬುದನ್ನು. ಇಂಧನದ ಉಳಿತಾಯ, ತುಕ್ಕು ಹಿಡಿಯದಿರುವಿಕೆ, ಹೆಚ್ಚಿಗೆ ಹೊರಬಲ್ಲ ಹೊರೆ ಇವು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಪರೀಕ್ಷೆ ಸುಳ್ಳಲ್ಲ, ಆದರೆ ಪರೀಕ್ಷೆಯನ್ನು ಆರಿಸಿದವನು ಪರೀಕ್ಷೆಯಲ್ಲಿ ಗೆಲ್ಲತಕ್ಕವನೇ ಆಗಿದ್ದನು. ೨೦೧೯ರ ಹೊಸ ಸಿಲ್ವರಾಡೊ ಬಂದಾಗ ಅದರ ತೊಟ್ಟಿ ಉಕ್ಕಿನದೇ ಆಗಿದ್ದರೂ, ಬಾಗಿಲುಗಳು, ಎಂಜಿನಿನ ಮುಚ್ಚಳ ಮತ್ತು ಹಿಂಬಾಗಿಲು ಅಲ್ಯುಮಿನಿಯಮ್ಮಿನವೇ ಆಗಿದ್ದುವು! ಜಾಹೀರಾತಿನಲ್ಲಿ ಹಳಿದ ಲೋಹವನ್ನು ಕಾರ್ಖಾನೆಯಲ್ಲಿ ಬರಮಾಡಿಕೊಂಡರು. ಎಲ್ಲಿ ಯಾವ ಗುಣ ಬೇಕೋ ಅಲ್ಲಿ ಆ ಲೋಹವನ್ನು ಬಳಸುವುದೇ ಜಾಣತನವೆಂದು ಇಬ್ಬರ ಎಂಜಿನಿಯರುಗಳಿಗೂ ಗೊತ್ತಿದ್ದಿತು.

ಅಳೆಯದೆ ಬಿಟ್ಟುದು

ಇಲ್ಲಿಯವರೆಗೆ ನಾವು ಕಂಡುದರಲ್ಲಿ ಒಂದು ನಿಯಮ ಅಡಗಿದೆ. ಯಾವುದನ್ನು ಅಳೆದು ಹೇಳುತ್ತಾರೆಯೋ ಅದರಲ್ಲಿ ಪೈಪೋಟಿ ನಡೆಯುತ್ತದೆ. ಯಾವುದನ್ನು ಅಳೆಯುವುದಿಲ್ಲವೋ ಅದು ಯಾರ ಗಮನಕ್ಕೂ ಬರುವುದಿಲ್ಲ. ಟಾರ್ಕನ್ನು ಅಳೆದರು, ಟಾರ್ಕ್ ಬೆಳೆಯಿತು. ಎಳೆತವನ್ನು ಅಳೆದರು, ಎಳೆತ ಬೆಳೆಯಿತು. ಅವುಗಳೊಡನೆ ಲಾರಿಯ ಮೂತಿಯೂ ಬೆಳೆಯಿತು. ದೊಡ್ಡ ಎಂಜಿನಿಗೆ ದೊಡ್ಡ ರೇಡಿಯೇಟರು ಬೇಕು. ಎತ್ತರವಾದ, ಗೋಡೆಯಂತೆ ನೆಟ್ಟಗಿರುವ ಮುಖ ಗಿರಾಕಿಗೆ ಗಂಭೀರವಾಗಿಯೂ ಕಾಣುತ್ತದೆ. ಆದರೆ ಆ ಮುಖದ ಎದುರಿಗೆ ರಸ್ತೆಯನ್ನು ದಾಟುತ್ತಿರುವವನ ಪಾಡೇನು?

ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು ಪಾದಚಾರಿಗಳಿಗೆ ವಾಹನ ಬಡಿದ ಸುಮಾರು ೧೮,೦೦೦ ಅಪಘಾತಗಳನ್ನು ಪರಿಶೀಲಿಸಿ ೨೦೨೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಮೂತಿಯ ಎತ್ತರ ೪೦ ಅಂಗುಲಕ್ಕಿಂತ ಹೆಚ್ಚಿರುವ ವಾಹನಗಳು, ೩೦ ಅಂಗುಲ ಅಥವಾ ಅದಕ್ಕೂ ತಗ್ಗಾದ ಇಳಿಜಾರು ಮೂತಿಯ ವಾಹನಗಳಿಗಿಂತ, ಬಡಿದಾಗ ಸಾವನ್ನುಂಟುಮಾಡುವ ಸಂಭವ ಶೇಕಡಾ ೪೫ರಷ್ಟು ಹೆಚ್ಚು. ತಗ್ಗಾದ ಮೂತಿ ಕಾಲಿಗೆ ಬಡಿಯುತ್ತದೆ. ಮನುಷ್ಯನು ಮುಚ್ಚಳದ ಮೇಲೆ ಉರುಳುತ್ತಾನೆ. ಎತ್ತರವಾದ ಮೂತಿ ಎದೆಗೆ, ಚಿಕ್ಕವರಾದರೆ ತಲೆಗೆ, ನೇರವಾಗಿ ಬಡಿಯುತ್ತದೆ. ಅಮೆರಿಕದಲ್ಲಿ ೨೦೦೯ರಲ್ಲಿ ಸುಮಾರು ೪,೧೦೦ ಪಾದಚಾರಿಗಳು ವಾಹನಗಳಿಗೆ ಸಿಕ್ಕಿ ಮಡಿದರು. ೨೦೨೨ರಲ್ಲಿ ಸುಮಾರು ೭,೫೦೦ ಮಂದಿ. ಈ ಏರಿಕೆಗೆ ಪಿಕಪ್ಪೊಂದೇ ಕಾರಣವಲ್ಲ. ರಸ್ತೆಗಳ ರಚನೆ, ರಾತ್ರಿಯ ಕತ್ತಲು, ವೇಗ, ಚಾಲಕರ ಅಲಕ್ಷ್ಯ ಇವೂ ಸೇರಿವೆ. ಆದರೂ ವಾಹನದ ಮುಖದ ಪಾಲನ್ನು ಅಲ್ಲಗಳೆಯುವಂತಿಲ್ಲ.

ಪಾದಚಾರಿಯ ರಕ್ಷಣೆಗಾಗಿ ವಾಹನದ ಮುಖವನ್ನು ಪರೀಕ್ಷಿಸಬೇಕೆಂಬ ನಿರ್ದೇಶ ಯೂರೋಪಿನಲ್ಲಿ ೨೦೦೩ರಲ್ಲಿಯೇ ಹೊರಟಿತು. ಅಮೆರಿಕದ ಸುರಕ್ಷತಾ ಇಲಾಖೆಯು ಇಂಥ ನಿಯಮವೊಂದರ ಕರಡನ್ನು ಪ್ರಕಟಿಸಿದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಪೌಂಡ್-ಅಡಿಗಳನ್ನು ಐದೈದಾಗಿ ಎಣಿಸಿದ ನಾಡು ಇದನ್ನು ಅಳೆಯಲು ಹೊರಡುವುದಕ್ಕೆ ಇಷ್ಟು ಕಾಲ ಹಿಡಿಯಿತು. ಇದಕ್ಕೆ ಎಂಜಿನಿಯರುಗಳ ಅಸಾಮರ್ಥ್ಯ ಕಾರಣವಲ್ಲ. ಲಾರಿಯನ್ನು ಕೊಳ್ಳುವವನು ಎಳೆತವನ್ನು ಕೇಳುತ್ತಾನೆ, ಆದುದರಿಂದ ಮಾರುವವನು ಅದನ್ನು ಹೇಳುತ್ತಾನೆ. ರಸ್ತೆಯನ್ನು ದಾಟುವವನು ಕೊಳ್ಳಲು ಬಂದವನಲ್ಲ. ಅವನ ಪರವಾಗಿ ಅಂಗಡಿಯಲ್ಲಿ ಕೇಳುವವರಿಲ್ಲ. ಅವನ ಪರವಾಗಿ ಕೇಳಬೇಕಾದುದು ಸಮಾಜ, ಮತ್ತು ಸಮಾಜದ ಕೈಯಲ್ಲಿರುವ ಅಳತೆಗೋಲು.

ನಮ್ಮ ತರುಣ ವಾಚಕರಲ್ಲಿ ಹಲವರು ಮುಂದೆ ಎಂಜಿನಿಯರುಗಳಾಗಬಹುದು, ವ್ಯಾಪಾರಿಗಳಾಗಬಹುದು, ಅಥವಾ ಅಧಿಕಾರಿಗಳಾಗಿ ಇಂಥ ನಿಯಮಗಳನ್ನು ಬರೆಯಲೂಬಹುದು. ಲಾರಿಯಾಗಲಿ, ದೀಪದ ಬುರುಡೆಯಾಗಲಿ, ಔಷಧಿಯಾಗಲಿ, 'ಎಲ್ಲರಿಗಿಂತ ಮೊದಲು' ಎಂಬ ಮಾತನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಏನನ್ನು ಎಣಿಸಿದರು? ಕಲ್ಲು ಎಲ್ಲರಿಗೂ ಒಂದೇ ಆಗಿತ್ತೆ? ಎಣಿಸದೆ ಬಿಟ್ಟುದು ಏನು, ಅದರ ಬೆಲೆಯನ್ನು ತೆರುವವರು ಯಾರು? ಮೊದಲಿನ ಎರಡು ಪ್ರಶ್ನೆಗಳು ನಮ್ಮನ್ನು ಮೋಸಹೋಗದಂತೆ ಕಾಪಾಡುತ್ತವೆ. ಮೂರನೆಯದು ನಾವು ಕಾಣದ ಇನ್ನೊಬ್ಬರನ್ನು ಕಾಪಾಡುತ್ತದೆ.